ಅಳತೆ ಪುಸ್ತಕದ ಕೊನೆಯ ಪುಟಗಳು

ಮೂವತ್ತು ವರ್ಷ ರವಿಕೆ ಹೊಲಿದವಳು ನಾನು. ಆ ರವಿಕೆಯೇ ಮೈಗೆ ತಾಗಿದರೆ ಕೆಂಡ ಇಟ್ಟ ಹಾಗಾಗುವ ಕಾಲ ನನಗೂ ಬಂತು. ಬೆನ್ನಿನಿಂದ ಹಿಡಿದು ಎಡ ಎದೆಯ ಕೆಳಗಿನವರೆಗೆ ಸರ್ಪಸುತ್ತು ಎದ್ದಿತ್ತು. ಬೀದಿಯ ಅಜ್ಜಿಯೊಬ್ಬರು ಕೆಮ್ಮಣ್ಣು ಕಲಸಿ ಹಚ್ಚಿ, "ತಲೆ ಬಾಲ ಕೂಡದ ಹಾಗೆ ನೋಡ್ಕೋ ತಾಯಿ" ಅಂದರು. ಅವರ ಕಕ್ಕುಲಾತಿ ನಿಜವಾದದ್ದು. ಆದರೆ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಐದು ದಿನ ಕಳೆದಿತ್ತು. ಗುಳ್ಳೆ ಎದ್ದು ಮೂರು ದಿನದೊಳಗೆ ವೈರಸ್ಸಿನ ಮಾತ್ರೆ ಶುರುವಾಗಬೇಕಿತ್ತಂತೆ. ಚಿಕ್ಕವಳಿದ್ದಾಗ ಬಂದ ಸೀತಾಳೆ ಸಿಡುಬಿನ ವೈರಸ್ಸೇ ನರದ ಬುಡದಲ್ಲಿ ಅಡಗಿದ್ದು, ವಯಸ್ಸಾದ ಮೇಲೆ ಹೀಗೆ ಏಳುತ್ತದೆ. ಗುಳ್ಳೆ ಒಣಗಿದವು, ನೋವು ಹೋಗಲಿಲ್ಲ.

ನಾಲ್ಕನೇ ತಿಂಗಳಿಗೆ ಡಾಕ್ಟರು ಪ್ರಿಗ್ಯಾಬಲಿನ್ 75 ಮಿಲಿಗ್ರಾಂ ಬರೆದುಕೊಟ್ಟರು, ರಾತ್ರಿ ಒಂದು. ಕೆಟ್ಟ ನರ ಸುಮ್ಮನೆ ನೋವಿನ ಸುದ್ದಿ ಕಳಿಸುತ್ತಲೇ ಇರುತ್ತದೆ, ಈ ಮಾತ್ರೆ ಆ ಸುದ್ದಿಯ ಜೋರು ಇಳಿಸುತ್ತದೆ ಎಂದು ಹೇಳಿ, "ಒಂದೆರಡು ವಾರ ತಡ್ಕೊಳ್ಳಿ ಅಮ್ಮ, ನೀವಾಗಿ ಜಾಸ್ತಿ ಮಾಡಬೇಡಿ" ಅಂದಿದ್ದರು.

ನನಗೆ ತಡೆಯಲಾಗಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಇನ್ನೊಂದು ನುಂಗಿ ಮಷಿನ್ನಿಗೆ ಕೂತೆ. ಸೂಜಿಯ ಕಣ್ಣು ಒಂದಿದ್ದದ್ದು ಎರಡಾಗಿ ಕಂಡಿತು. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡೋಣವೆಂದರೆ ಬಾಯಿ ಒಣಗಿ ಎಂಜಲೇ ಇಲ್ಲ. ಏಳಲು ಹೋದೆ, ನೆಲ ಓರೆಯಾಯಿತು. ಕಟಿಂಗ್ ಟೇಬಲ್ ಕೈಗೆ ಸಿಕ್ಕದಿದ್ದರೆ ಸೊಂಟ ಮುರಿಯುತ್ತಿತ್ತು. ನನ್ನ ವಯಸ್ಸಿನವರಿಗೆ ಈ ಮಾತ್ರೆಯ ತಲೆಸುತ್ತಿಗಿಂತ ಅದರಿಂದ ಬೀಳುವುದೇ ದೊಡ್ಡ ಭಯ. ಅಂದಿನಿಂದ ಹಾಸಿಗೆಯಿಂದ ಏಳುವಾಗ ಮೊದಲು ಎದ್ದು ಕೂರುತ್ತೇನೆ, ಕಾಲು ನೆಲಕ್ಕೆ ಊರಿ ಸ್ವಲ್ಪ ಹೊತ್ತು ಬಿಟ್ಟು ನಿಲ್ಲುತ್ತೇನೆ. ಬಚ್ಚಲಿನ ದೀಪ ರಾತ್ರಿಯಿಡೀ ಉರಿಯುತ್ತದೆ. ನೆಗಡಿ ಬಂದರೂ ಕೇಳದೆ ಕೆಮ್ಮಿನ ಸಿರಪ್ ಕುಡಿಯುವುದಿಲ್ಲ. ಮಂಪರು ತರುವ ಎರಡು ಔಷಧಿ ಒಟ್ಟಿಗೆ ಸೇರಬಾರದು. ಈ ಗುಂಪಿನ ಮಾತ್ರೆಗಳಿಂದ ಕೆಲವರಿಗೆ ಉಸಿರಾಟಕ್ಕೇ ತೊಂದರೆಯಾಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ 2019ರಲ್ಲಿ ಎಚ್ಚರಿಸಿದೆ.

ಎರಡು ವಾರಕ್ಕೆ ನೋವು ನಿಜವಾಗಿ ಇಳಿಯಿತು. ಆದರೆ ಚಪ್ಪಲಿಯ ಪಟ್ಟಿ ಪಾದಕ್ಕೆ ಕಚ್ಚತೊಡಗಿತು. ತಿಂಗಳಲ್ಲಿ ಎರಡೂವರೆ ಕೆಜಿ ಏರಿದೆ. "ಅದು ಬರೀ ನಿದ್ದೆ ಮಾತ್ರೆ, ಬಿಟ್ಟುಬಿಡು" ಎಂದು ನಾದಿನಿ ಹೇಳಿದ್ದೇ ತಡ, ಒಂದೇ ಏಟಿಗೆ ನಿಲ್ಲಿಸಿದೆ. ಎರಡು ರಾತ್ರಿ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಮೈಯೆಲ್ಲ ಬೆವರು, ಹೊಟ್ಟೆ ತೊಳೆಸುವುದು, ಸುಮ್ಮಸುಮ್ಮನೆ ಎದೆ ಡವಡವ. "ಅತ್ತೆ, ಯಾರನ್ನ ಕೇಳಿ ನಿಲ್ಲಿಸಿದ್ರಿ?" ಎನ್ನುತ್ತಾ ಸೊಸೆ ಬೆಳಿಗ್ಗೆಯೇ ಆಟೋ ಕರೆಸಿದಳು.

ಡಾಕ್ಟರು ಬೈಯಲಿಲ್ಲ. ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ಗುಳಿ ಹಾಗೇ ನಿಂತಿತು. ನನ್ನ ಬಿಪಿ ಮಾತ್ರೆಯ ಹಾಳೆ ತೋರಿಸಿ ಎಂದರು. ಆಮ್ಲೋಡಿಪಿನ್. ಅದೂ ಕಾಲು ಬಾತುಕೊಳ್ಳಿಸುವ ಮಾತ್ರೆಯೇ, ಎರಡೂ ಸೇರಿದ್ದವು. ಬಿಪಿ ಮಾತ್ರೆ ಬದಲಿಸಿದರು, ಪ್ರಿಗ್ಯಾಬಲಿನ್ ಮತ್ತೆ ಶುರು ಮಾಡಿಸಿದರು. ಪ್ರಿಗ್ಯಾಬಲಿನ್ ಹೆಚ್ಚೂಕಡಿಮೆ ಇದ್ದ ಹಾಗೇ ಮೂತ್ರದಲ್ಲಿ ಹೋಗುವುದರಿಂದ ಕಿಡ್ನಿ ನಿಧಾನವಾದರೆ ಮೈಯಲ್ಲೇ ಉಳಿದುಬಿಡುತ್ತದೆ ಎಂದು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿದರು. ವರದಿ ಸರಿಯಿತ್ತು. ನಿಲ್ಲಿಸುವ ಕಾಲ ಬಂದಾಗಲೂ ಕನಿಷ್ಠ ಒಂದು ವಾರ ಹಿಡಿದು, ಸ್ವಲ್ಪ ಸ್ವಲ್ಪವೇ ಇಳಿಸಬೇಕಂತೆ. ಇಷ್ಟೂ ನಾನು ಬಾಯಿಬಿಟ್ಟು ಹೇಳಿದ ಮೇಲೆ ತಿಳಿದದ್ದು. ಚಪ್ಪಲಿ ಕಚ್ಚಿದ ಮೊದಲ ದಿನವೇ ಫೋನ್ ಮಾಡಿದ್ದರೆ ಆ ಎರಡು ರಾತ್ರಿಗಳ ಸಂಕಟ ತಪ್ಪುತ್ತಿತ್ತು.

ಅವತ್ತೇ ಗಿರಾಕಿಗಳ ಅಳತೆ ಪುಸ್ತಕದ ಹಿಂದಿನ ಪುಟಗಳಲ್ಲಿ ನನ್ನ ಅಳತೆ ಬರೆಯಲು ಶುರು ಮಾಡಿದೆ. ದಿನಾ ಸಂಜೆ ಅದೇ ಟೇಪು ಕಾಲ್ಗಂಟಿಗೆ ಸುತ್ತುತ್ತೇನೆ. ಮೊದಲ ದಿನ ಹತ್ತಿಂಚು, ಮೂರು ವಾರಕ್ಕೆ ಒಂಬತ್ತು. ಪಕ್ಕದಲ್ಲಿ ತೂಕ, ನೋವಿಗೆ ಹತ್ತಕ್ಕೆ ಎಷ್ಟು, ಮಾತ್ರೆ ನುಂಗಿದ ಹೊತ್ತು. ಮಲಗುವಾಗ ನುಂಗುತ್ತಿದ್ದದ್ದನ್ನು ಎಂಟು ಗಂಟೆಗೆ ತಂದ ಮೇಲೆ ಬೆಳಗಿನ ಮಂಕು ಕಡಿಮೆಯಾದದ್ದು ಆ ಸಾಲುಗಳಲ್ಲೇ ಕಂಡಿತು. ಬೇಕಾದ ಪದ ನಾಲಿಗೆಗೆ ಬಾರದೆ ತಡವರಿಸುವುದು ಮಾತ್ರ ಇನ್ನೂ ಇದೆ. ಮೊನ್ನೆ 'ಕಾಜಾ' ಎನ್ನುವ ಮಾತೇ ಮರೆತು ಹುಡುಗಿಗೆ ಗುಂಡಿ ತೋರಿಸಿ ಹೇಳಿದೆ. ಅದನ್ನೂ ಬರೆದಿದ್ದೇನೆ. ಡಾಕ್ಟರು ಓದಿ, ನೋವು ಎರಡಕ್ಕೆ ಇಳಿದಿದೆಯಲ್ಲ, ಇನ್ನು ಇಳಿಸಿ ನೋಡೋಣ ಎಂದಿದ್ದಾರೆ.

ಬರುವ ಸೋಮವಾರದಿಂದ 75 ಇದ್ದದ್ದು 50 ಆಗುತ್ತದೆ. ಹೊಸ ಪುಟಕ್ಕೆ ಗೀಟು ಹಾಕಿಟ್ಟಿದ್ದೇನೆ.