ಎರಡು ಸಾವಿರದ ಹಕ್ಕಿ, ಹದಿನೈದು ವರ್ಷದ ಲೆಕ್ಕ

“ಎರಡು ಸಾವಿರ ಕೊಟ್ಟು ತಂದ ಹಕ್ಕಿಗೆ ಆರೂವರೆ ಸಾವಿರ ಸುರಿದೆಯಲ್ಲೇ, ಆ ದುಡ್ಡಿಗೆ ಮೂರು ಹೊಸ ಹಕ್ಕಿ ಬರ್ತಿತ್ತು” ಎಂದು ನನ್ನ ಅತ್ತಿಗೆ ಫೋನಿನಲ್ಲಿ ಹೇಳಿದರು. ಅವರ ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದು ಮಿಕ್ಸಿಗೆ, ಇಸ್ತ್ರಿಪೆಟ್ಟಿಗೆಗೆ ಹಾಕುವ ಲೆಕ್ಕ. ರಿಪೇರಿ ಖರ್ಚು ಹೊಸದರ ಬೆಲೆಯನ್ನು ದಾಟಿದರೆ ಹಳೆಯದನ್ನು ಗುಜರಿಗೆ ಹಾಕಿ ಎಂದು ನಾನೂ ಈ ಅಂಕಣದಲ್ಲಿ ಬರೆದಿದ್ದೇನೆ. ಉಸಿರಾಡುವ ಜೀವಕ್ಕೆ ಆ ಸೂತ್ರ ಹೊಂದುವುದಿಲ್ಲ. ಅಂಗಡಿಯಲ್ಲಿ ಎರಡು ಸಾವಿರ ಎಣಿಸಿದಾಗ ನಾವು ಹಕ್ಕಿಯ ಜೊತೆಗೆ ಅದರ ಆಯುಷ್ಯದ ಹೊಣೆಯನ್ನೂ ಕೊಂಡಿರುತ್ತೇವೆ.

ನಮ್ಮ ತುಮಕೂರಿನ ಮನೆಯಲ್ಲಿರುವುದು ತಿಳಿಹಳದಿ ಬಣ್ಣದ ಕಾಕಟೀಲ್. ಆಸ್ಟ್ರೇಲಿಯಾ ಮೂಲದ್ದು, ತಲೆಯ ಮೇಲೆ ಜುಟ್ಟು, ಕೆನ್ನೆಯಲ್ಲಿ ಕಿತ್ತಳೆ ಬೊಟ್ಟು. ಅಂಗಡಿಯವರು ಗಂಡು ಎಂದು ಹೇಳಿ ಕೊಟ್ಟಿದ್ದರು, ಮಗಳು ಗುಂಡ ಎಂದು ಹೆಸರಿಟ್ಟಳು. (ನಮ್ಮ ನೆಲದ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದನ್ನು ಅಗ್ಗಕ್ಕೆ ಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೊಳ್ಳಬೇಡಿ.)

ಒಂದು ಬೆಳಗ್ಗೆ ಗುಂಡ ಕಡ್ಡಿಯ ಮೇಲಿಂದ ಇಳಿದು ಪಂಜರದ ತಳದಲ್ಲಿ ಮುದುಡಿ ಕುಳಿತಿತ್ತು. ಪುಕ್ಕವೆಲ್ಲ ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿಕೊಂಡು, ಪ್ರತಿ ಉಸಿರಿಗೂ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಿತ್ತು. ಹಕ್ಕಿಗಳು ಕಾಯಿಲೆಯನ್ನು ಮುಚ್ಚಿಟ್ಟುಕೊಳ್ಳುತ್ತವೆ. ಕಾಡಿನಲ್ಲಿ ನಿತ್ರಾಣ ತೋರಿಸಿಕೊಂಡ ಹಕ್ಕಿ ಬೇಟೆಗೆ ಸಿಗುತ್ತದೆ, ಅದೇ ಸ್ವಭಾವ ಪಂಜರದಲ್ಲೂ ಉಳಿದಿರುತ್ತದೆ. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಸಾಮಾನ್ಯವಾಗಿ ಸಮಯ ಮೀರುತ್ತಿರುತ್ತದೆ. ಹಸು, ಕುರಿ, ನಾಯಿಗಳನ್ನು ನೋಡುವ ಹತ್ತಿರದ ವೈದ್ಯರು ಒಂದೇ ಮಾತು ಹೇಳಿದರು: “ಅಮ್ಮಾ, ನೂರು ಗ್ರಾಂ ಕೂಡ ತೂಗದ ಜೀವ ಇದು. ಅಂದಾಜಿನ ಮೇಲೆ ಸೂಜಿ ಹಾಕೋಕೆ ನನಗೆ ಧೈರ್ಯ ಬರಲ್ಲ. ಹಕ್ಕಿ ನೋಡೋರ ಹತ್ರ ಬೆಂಗಳೂರಿಗೆ ಕರ್ಕೊಂಡು ಹೋಗಿ.” ತನಗೆ ಬಾರದ್ದನ್ನು ಬಾರದು ಎಂದು ಹೇಳಿದ ಆ ವೈದ್ಯರಿಗೆ ನಾನು ಋಣಿ. ಗುಂಡನ ಜೀವ ಉಳಿದದ್ದರಲ್ಲಿ ಅವರ ಮಾತಿನ ಪಾಲೂ ಇದೆ.

ಬೆಂಗಳೂರಿನ ಕ್ಲಿನಿಕ್ಕಿನಲ್ಲಿ ಎಕ್ಸ್-ರೇ ತೆಗೆದರು. ವೈದ್ಯೆ ಪರದೆಯನ್ನು ನಮ್ಮ ಕಡೆ ತಿರುಗಿಸಿದಾಗ ಹೊಟ್ಟೆಯೊಳಗೆ ಬೆಳ್ಳಗೆ, ಗುಂಡಗೆ ಒಂದು ಮೊಟ್ಟೆ! “ಮೇಡಂ, ಇದು ಗಂಡಲ್ಲ, ಹೆಣ್ಣು. ಮೊಟ್ಟೆ ಹೊರಗೆ ಬರಲಾರದೆ ಸಿಕ್ಕಿಕೊಂಡಿದೆ.” ಮಗಳು ಅಳು ನಿಲ್ಲಿಸಿ ಎಕ್ಸ್-ರೇಯನ್ನೇ ನೋಡುತ್ತಾ ನಿಂತಳು. ಮನೆಯಲ್ಲಿ ಬೇರೆ ಹಕ್ಕಿಯೇ ಇಲ್ಲವಲ್ಲ ಎಂದು ನಾನು ಕೇಳಿದೆ. ಕೋಳಿಯ ಹಾಗೆಯೇ ಈ ಹಕ್ಕಿಯೂ ಗಂಡಿನ ಜೊತೆಯಿಲ್ಲದೆ ಮೊಟ್ಟೆಯಿಡುತ್ತದೆ, ಅದರಿಂದ ಮರಿಯಾಗುವುದಿಲ್ಲ ಅಷ್ಟೆ ಎಂದರು. ಹಳದಿ ಬಣ್ಣದ ಕಾಕಟೀಲ್‌ಗಳಲ್ಲಿ ಗಂಡು ಹೆಣ್ಣು ಕಣ್ಣಿಗೆ ಸುಲಭವಾಗಿ ತಿಳಿಯುವುದಿಲ್ಲವಂತೆ. ಪುಕ್ಕವನ್ನೋ ಒಂದು ಹನಿ ರಕ್ತವನ್ನೋ ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಖಚಿತವಾಗುತ್ತದೆ.

ಚಿಪ್ಪು ಗಟ್ಟಿಯಾಗಲೂ, ಮೊಟ್ಟೆಯನ್ನು ಹೊರದೂಡುವ ಸ್ನಾಯು ಬಿಗಿಯಲೂ ಕ್ಯಾಲ್ಸಿಯಂ ಬೇಕು. ಅದು ಸಾಲದಾದಾಗ ಮೊಟ್ಟೆ ಅಲ್ಲೇ ನಿಲ್ಲುತ್ತದೆ. ಮನೆಯಲ್ಲಿ ಹೊಟ್ಟೆ ಒತ್ತಿ ತೆಗೆಯಲು ಹೋದರೆ ಮೊಟ್ಟೆ ಒಳಗೇ ಒಡೆದು ಹಕ್ಕಿ ಸಾಯಬಹುದು ಎಂದು ವೈದ್ಯೆ ಎಚ್ಚರಿಸಿದರು. ಕ್ಯಾಲ್ಸಿಯಂ ಚುಚ್ಚುಮದ್ದು, ದ್ರವ, ತೇವವಿರುವ ಬೆಚ್ಚನೆಯ ಪೆಟ್ಟಿಗೆ ಇಷ್ಟು ಕೊಟ್ಟು ಕಾದರು. ಸಂಜೆಯ ಹೊತ್ತಿಗೆ ಮೊಟ್ಟೆ ಹೊರಬಂತು. ಹೆಸರು ಮಾತ್ರ ಗುಂಡ ಎಂದೇ ಉಳಿಯಿತು, ಮಗಳು ಬದಲಿಸಲು ಒಪ್ಪಲಿಲ್ಲ.

ಬಿಲ್ಲಿಗೆ ಬರೋಣ. ವೈದ್ಯರ ಶುಲ್ಕ 700, ಎಕ್ಸ್-ರೇ 900, ಚುಚ್ಚುಮದ್ದು ಮತ್ತು ಹಗಲಿಡೀ ಆರೈಕೆ 1,500, ಮನೆಗೆ ಕೊಟ್ಟ ಔಷಧ 350. ಹೋಗಿಬರುವ ಟ್ಯಾಕ್ಸಿಗೆ 3,200. ಒಟ್ಟು 6,650 ರೂಪಾಯಿ. ಅದರಲ್ಲಿ ಅರ್ಧದಷ್ಟು ಹೋದದ್ದು ರಸ್ತೆಗೆ. ಸಣ್ಣ ಊರಿನಲ್ಲಿದ್ದು ಪ್ರಾಣಿ ಸಾಕುವವರು ಈ ಸಾಲನ್ನು ಲೆಕ್ಕದಲ್ಲಿ ಮೊದಲು ಬರೆದುಕೊಳ್ಳಬೇಕು. ಪಶುವೈದ್ಯಕೀಯ ಕಾಲೇಜುಗಳ ಬೋಧನಾ ಆಸ್ಪತ್ರೆಗಳಲ್ಲಿ, ಉದಾಹರಣೆಗೆ ಹೆಬ್ಬಾಳದಲ್ಲಿ, ಶುಲ್ಕ ಖಾಸಗಿಯವರಿಗಿಂತ ಬಹಳ ಕಡಿಮೆ. ಆದರೆ ಹೊರರೋಗಿ ವಿಭಾಗದ ಹೊತ್ತನ್ನು ಮೊದಲೇ ತಿಳಿದಿಟ್ಟುಕೊಳ್ಳಿ. ಇನ್ನೊಂದು ಮಾತು: ಪ್ರಾಣಿ ಪಕ್ಷಿಗಳ ಆರೋಗ್ಯಕ್ಕೆ ಪಶುವೈದ್ಯ ಕ್ಲಿನಿಕ್ ಕೊಡುವ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಚಿಕಿತ್ಸೆಯ ಮೇಲೆ ತೆರಿಗೆ ಸೇರಿಸಿದ್ದರೆ ಯಾಕೆಂದು ಕೇಳಿ.

ವಿಮೆಯ ಆಸರೆ ಇಲ್ಲಿ ಹೆಚ್ಚಿಲ್ಲ. ನಮ್ಮಲ್ಲಿ ಸಾಕುಪ್ರಾಣಿ ವಿಮೆ ಮುಖ್ಯವಾಗಿ ನಾಯಿಗೆ, ಅದರ ನಂತರ ಬೆಕ್ಕಿಗೆ. ಆದಾಯ ತೆರಿಗೆಯಲ್ಲಿ ಆರೋಗ್ಯ ವಿಮೆಗೆ ಸಿಗುವ ರಿಯಾಯಿತಿಯೂ ತಾನು, ಸಂಗಾತಿ, ಅವಲಂಬಿತ ಮಕ್ಕಳು, ತಂದೆತಾಯಿಗಷ್ಟೇ. ಹೀಗಾಗಿ ಉಳಿಯುವ ದಾರಿ ನಮ್ಮ ಕೈಯಿಂದಲೇ ಎತ್ತಿಡುವುದು.

ಚೆನ್ನಾಗಿ ನೋಡಿಕೊಂಡರೆ ಕಾಕಟೀಲ್ ಹದಿನೈದರಿಂದ ಇಪ್ಪತ್ತು ವರ್ಷ ಬದುಕುತ್ತದೆ. ನವಣೆ, ಸಾಮೆ, ಸೊಪ್ಪು, ತರಕಾರಿ ಎಂದು ನಮಗೆ ತಿಂಗಳಿಗೆ ಸುಮಾರು 350 ರೂಪಾಯಿ ಆಗುತ್ತದೆ, ಅಂದರೆ ಹದಿನೈದು ವರ್ಷಕ್ಕೆ 63,000. ಆರೋಗ್ಯಕ್ಕೆಂದು ತಿಂಗಳಿಗೆ 500 ಎತ್ತಿಟ್ಟರೆ 90,000. ಬೆಲೆಯೇರಿಕೆಯನ್ನು ಬಿಟ್ಟು ನೋಡಿದರೂ ಒಂದೂವರೆ ಲಕ್ಷ ದಾಟುತ್ತದೆ. ಎರಡು ಸಾವಿರದ ಹಕ್ಕಿಯ ನಿಜವಾದ ಬೆಲೆ ಇದು. ಇದನ್ನು ಹೆದರಿಸಲು ಹೇಳುತ್ತಿಲ್ಲ, ತಿಂಗಳಿಗೆ ಹಂಚಿದರೆ ಮಧ್ಯಮ ವರ್ಗದ ಮನೆಗೆ ನಿಭಾಯಿಸಲು ಆಗುವ ಮೊತ್ತವೇ.

ಆ 500 ರೂಪಾಯಿಯನ್ನು ಎಲ್ಲಿಡಬೇಕು? ಮೊದಲ ಹತ್ತು ಸಾವಿರ ಆಗುವವರೆಗೆ ಬೇರೊಂದು ಉಳಿತಾಯ ಖಾತೆಯಲ್ಲಿಡಿ. ಬಡ್ಡಿ ಕಡಿಮೆ, ಆದರೆ ಭಾನುವಾರ ನಡುರಾತ್ರಿಯೂ ಕೈಗೆ ಸಿಗುತ್ತದೆ. ಅದರ ಮೇಲಿನದ್ದಕ್ಕೆ ಲಿಕ್ವಿಡ್ ಫಂಡ್ ಸಾಕು. ತಕ್ಷಣ ಹಿಂಪಡೆಯುವ ಸೌಲಭ್ಯವಿರುವ ಫಂಡ್‌ನಲ್ಲಿ ದಿನಕ್ಕೆ 50,000 ರೂಪಾಯಿ ಅಥವಾ ಹೂಡಿಕೆಯ ಶೇ 90, ಯಾವುದು ಕಡಿಮೆಯೋ ಅಷ್ಟು, ಆಗಲೇ ಖಾತೆಗೆ ಬರುತ್ತದೆ. ಕುಟುಂಬದ ಆಪತ್ಧನದ ಜೊತೆ ಇದನ್ನು ಬೆರೆಸುವುದು ನನಗೆ ಒಪ್ಪಿಗೆಯಿಲ್ಲ. ಮಗುವಿನ ಶಾಲೆ ಶುಲ್ಕವೋ ಹಕ್ಕಿಯ ಎಕ್ಸ್-ರೇಯೋ ಎಂದು ಆಯ್ಕೆ ಮಾಡುವ ಸ್ಥಿತಿ ಬಂದರೆ ಹಕ್ಕಿ ಪ್ರತಿ ಸಲ ಸೋಲುತ್ತದೆ. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯುವುದಂತೂ ಬೇಡವೇ ಬೇಡ, ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ.

ತಡೆಯುವ ಖರ್ಚು ಮಾತ್ರ ನಂಬಲಾಗದಷ್ಟು ಕಡಿಮೆ. ಗ್ರಂದಿಗೆ ಅಂಗಡಿಯಲ್ಲಿ ಸಿಗುವ ಸಮುದ್ರ ನೊರೆಯ ತುಂಡೊಂದನ್ನು ಪಂಜರಕ್ಕೆ ಸಿಕ್ಕಿಸಿದರೆ ಹಕ್ಕಿ ಕೊಕ್ಕಿನಿಂದ ಕೆರೆದು ಕ್ಯಾಲ್ಸಿಯಂ ತೆಗೆದುಕೊಳ್ಳುತ್ತದೆ. ನುಗ್ಗೆಸೊಪ್ಪು ಪಕ್ಕದ ಮನೆಯ ಹಿತ್ತಲಲ್ಲೇ ಇದೆ. ಕ್ಯಾಲ್ಸಿಯಂ ಮೈಗೆ ಹತ್ತಲು ಡಿ ಜೀವಸತ್ವ ಬೇಕು, ಅದಕ್ಕೆ ನೇರ ಎಳೆಬಿಸಿಲು ಬೇಕು. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲು ಆ ಕೆಲಸ ಮಾಡುವುದಿಲ್ಲ. ಸೂರ್ಯಕಾಂತಿ ಬೀಜವನ್ನು ಮಿತಿಯಲ್ಲಿಡಬೇಕು, ಸಂಜೆ ಬೇಗ ಬಟ್ಟೆ ಹೊದಿಸಿ ಕತ್ತಲು ಮಾಡಬೇಕು. ಹಗಲು ಉದ್ದವಾಗಿ, ಕೊಬ್ಬಿನ ಆಹಾರ ಹೇರಳವಾಗಿದ್ದರೆ ಹಕ್ಕಿ ಮತ್ತೆ ಮತ್ತೆ ಮೊಟ್ಟೆಗೆ ಕೂರುತ್ತದೆ. ಇಟ್ಟ ಮೊಟ್ಟೆಯನ್ನು ಕೂಡಲೇ ತೆಗೆದರೂ ಅದರ ಬದಲಿಗೆ ಇನ್ನೊಂದಿಡುತ್ತದೆ, ಮೈಯಲ್ಲಿನ ಕ್ಯಾಲ್ಸಿಯಂ ಬರಿದಾಗುತ್ತದೆ. ತಾನಾಗಿ ಬೇಸರಗೊಂಡು ಬಿಡುವವರೆಗೆ ಮೊಟ್ಟೆಯನ್ನು ಅಲ್ಲೇ ಬಿಡಬೇಕು. ಇವೆಲ್ಲ ಸೇರಿ ತಿಂಗಳಿಗೆ ನೂರು ರೂಪಾಯಿಯೂ ಆಗುವುದಿಲ್ಲ.

ಮಕ್ಕಳ ರಜೆಗೋ ಹುಟ್ಟುಹಬ್ಬಕ್ಕೋ ಹಕ್ಕಿ ತರಬೇಕೆಂದಿದ್ದರೆ ಅಂಗಡಿಗೆ ಹೋಗುವ ಮೊದಲು ಹಕ್ಕಿಗಳನ್ನು ನೋಡುವ ವೈದ್ಯರು ನಿಮಗೆ ಎಷ್ಟು ದೂರದಲ್ಲಿದ್ದಾರೆ ಎಂದು ವಿಚಾರಿಸಿ. ಅಲ್ಲಿಗೆ ಹೋಗಿಬರುವ ಬಾಡಿಗೆ ಎಷ್ಟೆಂದು ಕೇಳಿ ಬರೆದಿಡಿ. ಮೊದಲ ತಿಂಗಳ ಐನೂರನ್ನು ಬೇರೆ ಖಾತೆಗೆ ಹಾಕಿದ ಮೇಲೆಯೇ ಪಂಜರ ಕೊಳ್ಳಿ.