ಹೆಸರು ಉಳೀವಲ್ದು

ಗಜೇಂದ್ರಗಡದಲ್ಲಿ ನಮ್ಮ ಕಾಕಾರ ದಲಾಲಿ ಅಂಗಡಿಯಿದೆ. ಅಲ್ಲಿ ಹೆಸರುಕಾಳಿನ ದರ ಬರೆದಿಡುವ ಒಂದು ಫೈಲು. ಸಾಲಿಗೊಂದು ಊರು, ಒಂದು ದರ. ಊರುಗಳು ಮೂರೇ: ರೋಣ, ನರಗುಂದ, ಗಜೇಂದ್ರಗಡ. ಎಲ್ಲಿ ಎಷ್ಟಕ್ಕೇರಿತ್ತು ಎಂದು ಟರ್ಮಿನಲ್‌ನಲ್ಲೇ ಹೇಳುವ ಸಣ್ಣ ಪ್ರೋಗ್ರಾಂ ಬರೆಯೋಣವೆಂದು ರಸ್ಟ್ ಹಿಡಿದು ಕೂತೆ. ಅರ್ಧ ತಾಸಿನ ಕೆಲಸ ಎರಡು ರಾತ್ರಿ ತಿಂದಿತು.

ಫೈಲನ್ನು ಸಾಲುಸಾಲಾಗಿ ‘ಲೈನ್’ಗೆ ಓದಿ, ಒಡೆದು, ಊರಿನ ಹೆಸರನ್ನು ಹ್ಯಾಶ್‌ಮ್ಯಾಪ್‌ಗೆ ಹಾಕಿದ್ದೆ. ಕಂಪೈಲರ್ ಇ0597 ಎಂದು ಕೆಂಪಗೆ ಬೈಯಿತು: ‘ಲೈನ್’ ಬೇಕಾದಷ್ಟು ಹೊತ್ತು ಬದುಕುವುದಿಲ್ಲವಂತೆ. “ಹೆಸರು ಉಳೀವಲ್ದು” ಎಂದು ಗೊಣಗಿಕೊಂಡೆ. ಗಲ್ಲಾದ ಮೇಲಿದ್ದ ಕಾಕಾಗೆ ಕೇಳಿಸಿತು. “ಬೇವಿನೆಲಿ ಹಾಕಿಡಬೇಕಲೇ ತಮ್ಮಾ, ಇಲ್ಲಾಂದ್ರ ಹುಳಾ ಬೀಳ್ತಾವ.”

ನಾನು ಹಾಕಿದ ಬೇವಿನೆಲೆ ಲೈಫ್‌ಟೈಮ್ ಗುರುತು. ಕಂಡಕಂಡಲ್ಲಿ ‘ಎ’ ಸಿಕ್ಕಿಸಿದೆ, ಒಂದು ಕಡೆ ‘ಸ್ಟ್ಯಾಟಿಕ್’ ಅಂತಲೂ ಬರೆದೆ. ಒಂದಿದ್ದ ತಪ್ಪು ನಾಲ್ಕಾಯಿತು. ಆ ಗುರುತಿನಿಂದ ಯಾವುದರ ಆಯುಷ್ಯವೂ ಒಂದು ಗಳಿಗೆ ಹೆಚ್ಚುವುದಿಲ್ಲ; ಯಾವ ಎರವಲು ಯಾವುದಕ್ಕೆ ಜೋತುಬಿದ್ದಿದೆ ಎಂಬುದಷ್ಟೇ ಕಂಪೈಲರ್‌ಗೆ ತಿಳಿಯುತ್ತದೆ. ನಾನು ಒಡೆದು ತೆಗೆದ ‘ಊರು’ ಎಂಬುದರಲ್ಲಿ ಅಕ್ಷರಗಳೇ ಇರಲಿಲ್ಲ. ಒಂದು ವಿಳಾಸ, ಒಂದು ಉದ್ದ. 64 ಬಿಟ್ ಯಂತ್ರದಲ್ಲಿ 16 ಬೈಟ್‌ನ ಚೀಟಿ. ಅಕ್ಷರಗಳ ಮಾಲೀಕ ‘ಲೈನ್’. ಲೂಪ್ ಒಂದು ಸುತ್ತು ಮುಗಿಸಿದ ಕೂಡಲೇ ರಸ್ಟ್ ಅದನ್ನು ಕೆಡವುತ್ತದೆ. ಲೂಪಿನ ಹೊರಗಿದ್ದ ಹ್ಯಾಶ್‌ಮ್ಯಾಪ್ ಕೈಯಲ್ಲಿ ಬಿದ್ದ ಮನೆಯ ವಿಳಾಸ! ಸಿ ಭಾಷೆಯಲ್ಲಾದರೆ ಇಂಥದ್ದು ಸುಮ್ಮನೆ ಕಂಪೈಲ್ ಆಗಿ, ಯಾವತ್ತೋ ಒಂದು ದಿನ ಕಸ ತೋರಿಸಬಹುದಿತ್ತು. ಬೈಸಿಕೊಂಡದ್ದೇ ವಾಸಿ.

ಇಡೀ ಫೈಲನ್ನು ಒಂದೇ ಸ್ಟ್ರಿಂಗ್‌ಗೆ ಓದಿ ‘ಮೇನ್’ನಲ್ಲಿ ಇಟ್ಟುಕೊಂಡಿದ್ದರೆ ಚೀಟಿಗಳೇ ಸಾಕಿದ್ದವು. ಆದರೆ ನನಗೆ ಪೈಪಿನಿಂದಲೂ ದರ ಒಂದೊಂದೇ ಸಾಲಾಗಿ ಬರಬೇಕಿತ್ತು. ಹಾಗಾಗಿ ಕೀಯನ್ನು ಸ್ಟ್ರಿಂಗ್ ಮಾಡಿ ‘ಟು_ಸ್ಟ್ರಿಂಗ್’ ಹಚ್ಚಿದೆ. ಓಡಿತು. ಮರುದಿನ ನೋಡಿದರೆ ಸಾಲಿಗೊಂದು ನಕಲು ಆಗುತ್ತಿತ್ತು, ಯಾಕೆಂದರೆ ‘ಎಂಟ್ರಿ’ಗೆ ಕೊಡಬೇಕಾದದ್ದೇ ಸ್ವಂತದ ಸ್ಟ್ರಿಂಗ್. ‘ಎಂಟ್ರಿ’ಯನ್ನು ತೆಗೆದು ಮೊದಲು ‘ಗೆಟ್_ಮ್ಯೂಟ್’ನಿಂದ ಹುಡುಕಿಸಿದೆ. ಕೀ ಸ್ಟ್ರಿಂಗ್ ಆಗಿದ್ದರೂ ಎರವಲು ಚೀಟಿ ತೋರಿಸಿ ಹುಡುಕಬಹುದು. ಊರು ಸಿಗದಿದ್ದರೆ ಮಾತ್ರ ನಕಲು.

ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. ಗುಣಿತ, ಸೊನ್ನೆ, ಒತ್ತಕ್ಷರ ಕೂಡಿಸುವ ವಿರಾಮಕ್ಕೂ ಅಷ್ಟೇ. ರೋಣ 9, ನರಗುಂದ 18, ಗಜೇಂದ್ರಗಡ 27. ಫೈಲು ಎಷ್ಟೇ ಉದ್ದವಾಗಲಿ, ಈಗ ನಕಲಾಗುವ ಅಕ್ಷರ ಒಟ್ಟು 54 ಬೈಟ್.

ಖುಷಿಯಿಂದ ಕಾಕಾರನ್ನು ಕರೆದು ತೋರಿಸಿದೆ. ನರಗುಂದದ ದರವೊಂದನ್ನು ನೋಡಿಕೊಂಡು, ಚಸ್ಮಾ ಜೇಬಿಗಿಟ್ಟು ಹೊರಗೆ ಹೋದರು.