ಕಬ್ಬಿನ ಕಣ್ಣು, ಹವಳದ ಕೊಂಬೆ



ಮುಧೋಳ, ಜಮಖಂಡಿ ಕಡೆಯ ಹೊಲಗಳಲ್ಲಿ ಕಬ್ಬು ನಾಟಿ ಮಾಡುವುದನ್ನು ನೀವು ನೋಡಿರಬಹುದು. ಅಲ್ಲಿ ಯಾರೂ ಕಾಳು ಬಿತ್ತುವುದಿಲ್ಲ. ಕಬ್ಬನ್ನು ತುಂಡು ಮಾಡಿ, ಸಾಲಿನಲ್ಲಿಟ್ಟು, ಮಣ್ಣು ಮುಚ್ಚಿ ನೀರು ಬಿಡುತ್ತಾರೆ. ಗಿಣ್ಣಿನಲ್ಲಿರುವ ಕಣ್ಣು ಚಿಗುರಿ ಹೊಸ ಕಬ್ಬಾಗುತ್ತದೆ. ಹೀಗೆಯೇ ತುಂಡಿನಿಂದ ಬೆಳೆಯಬಲ್ಲ ಒಂದು ಪ್ರಾಣಿ ಸಮುದ್ರದಲ್ಲಿದೆ ಎಂದರೆ ನಂಬುವಿರಾ? ಅದೇ ಹವಳ.

ಗಿಡವಲ್ಲ, ಬರಿಯ ಕಲ್ಲೂ ಅಲ್ಲ

ಹವಳದ ದಿಬ್ಬವನ್ನು ದೂರದಿಂದ ನೋಡಿದರೆ ಬಣ್ಣಬಣ್ಣದ ಪೊದೆಗಳ ತೋಟದಂತೆ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಒಂದೊಂದು ಕೊಂಬೆಯ ಮೇಲೂ ಸಾವಿರಾರು ಪುಟ್ಟ ಜೀವಿಗಳು. ಅವುಗಳ ಹೆಸರು ಪಾಲಿಪ್. ಚೀಲದಂತಹ ದೇಹ, ಅದಕ್ಕೊಂದು ಬಾಯಿ, ಬಾಯಿಯ ಸುತ್ತ ಕರಬಳ್ಳಿಗಳು. ಇವು ಕೆರೆಯ ನೀರಿನಲ್ಲಿರುವ ಹೈಡ್ರಾದ ಸಂಬಂಧಿಗಳು. ಪಾಲಿಪ್ ತನ್ನ ಬುಡದಲ್ಲಿ ಸುಣ್ಣದ ಗೂಡು ಕಟ್ಟಿಕೊಳ್ಳುತ್ತದೆ. ಇಂತಹ ಗೂಡುಗಳು ಸಾವಿರಾರು ವರ್ಷ ಒಂದರ ಮೇಲೊಂದು ಸೇರಿ ದಿಬ್ಬವಾಗುತ್ತವೆ. ಲಕ್ಷದ್ವೀಪದ ದ್ವೀಪಗಳು ಇಂತಹ ದಿಬ್ಬಗಳ ಮೇಲೆಯೇ ನಿಂತಿವೆ. ಅವುಗಳಲ್ಲಿ ಅಮಿನಿ, ಕಡಮತ್ ಮುಂತಾದ ಕೆಲವು ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ನಮ್ಮ ರಾಜ್ಯದಲ್ಲಿಯೂ ಮುರುಡೇಶ್ವರದ ಎದುರಿನ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ.

ಜೀವಕೋಶದೊಳಗಿನ ಬರಹ

ಪಾಲಿಪ್‌ಗೆ ಗೂಡು ಕಟ್ಟಲು ಕಲಿಸಿದವರು ಯಾರು? ಆ ಮಾಹಿತಿ ಅದರ ಜೀವಕೋಶಗಳಲ್ಲಿರುವ ಡಿ.ಎನ್.ಎ. ಎಂಬ ಉದ್ದನೆಯ ಎಳೆಯಲ್ಲಿದೆ. ಈ ಬರಹಕ್ಕೆ ನಾಲ್ಕೇ ಅಕ್ಷರಗಳು. ಒಂದೊಂದು ಕೆಲಸದ ಸೂಚನೆ ಇರುವ ಭಾಗಕ್ಕೆ ವಂಶವಾಹಿ ಎನ್ನುತ್ತಾರೆ. ನಿಮ್ಮ ಮೂಗು ಅವ್ವನಂತೆ, ಗುಂಗುರು ಕೂದಲು ಅಪ್ಪನಂತೆ ಇದ್ದರೆ ಅದಕ್ಕೂ ವಂಶವಾಹಿಗಳೇ ಕಾರಣ.

2011ರಲ್ಲಿ ಜಪಾನಿನ ಓಕಿನಾವಾದ ವಿಜ್ಞಾನಿಗಳು ದಿಬ್ಬ ಕಟ್ಟುವ ಒಂದು ಹವಳದ ಈ ಬರಹವನ್ನು ಮೊದಲ ಬಾರಿಗೆ ಹೆಚ್ಚುಕಡಿಮೆ ಪೂರ್ತಿಯಾಗಿ ಓದಿದರು. ಅದು ಬೆರಳುಗಳಂತಹ ಕವಲುಗಳುಳ್ಳ ಅಕ್ರೋಪೊರಾ ಜಾತಿಯ ಹವಳ. ಅದರಲ್ಲಿ ಸುಮಾರು 42 ಕೋಟಿ ಅಕ್ಷರಗಳು, ಸುಮಾರು 23,700 ವಂಶವಾಹಿಗಳು ಕಂಡುಬಂದವು. ಮನುಷ್ಯನಲ್ಲಿ ಪ್ರೋಟೀನು ತಯಾರಿಸುವ ವಂಶವಾಹಿಗಳು ಸುಮಾರು 20,000. ಸಾಸಿವೆಯಷ್ಟು ಪುಟ್ಟ ಪಾಲಿಪ್‌ನಲ್ಲಿ ನಮಗಿಂತ ಹೆಚ್ಚು!

ಇನ್ನೊಂದು ವಿಷಯವೂ ತಿಳಿಯಿತು. ಸಿಸ್ಟೀನ್ ಎಂಬ ಅಗತ್ಯ ವಸ್ತುವನ್ನು ತಯಾರಿಸಲು ಬೇಕಾದ ಒಂದು ವಂಶವಾಹಿ ಈ ಹವಳದಲ್ಲಿ ಸಿಗಲಿಲ್ಲ. ಹಾಗಾದರೆ ಅದನ್ನು ಎಲ್ಲಿಂದ ಪಡೆಯುತ್ತದೆ? ಬಹುಶಃ ತನ್ನ ಮೈಯೊಳಗೆ ವಾಸಿಸುವ ಪಾಚಿಯಿಂದ. ಈ ಪಾಚಿ ಕಣ್ಣಿಗೆ ಕಾಣದಷ್ಟು ಸಣ್ಣದು. ಬಿಸಿಲಿನಲ್ಲಿ ಆಹಾರ ತಯಾರಿಸಿ ಅದರ ಬಹುಪಾಲನ್ನು ಹವಳಕ್ಕೆ ಕೊಡುತ್ತದೆ. ಹವಳ ಪಾಚಿಗೆ ಮನೆ ಕೊಡುತ್ತದೆ. ಹವಳದ ಬಣ್ಣವೂ ಹೆಚ್ಚಾಗಿ ಈ ಪಾಚಿಯದೇ.

ಹೆಚ್ಚಲು ಎರಡು ದಾರಿ

ಹವಳ ಎರಡು ರೀತಿಯಲ್ಲಿ ಹೆಚ್ಚುತ್ತದೆ.

ಮೊದಲನೆಯದು ಕಬ್ಬಿನ ದಾರಿ. ಬಿರುಗಾಳಿಗೆ ಕೊಂಬೆ ಮುರಿದು ಬೀಳುತ್ತದೆ. ತುಂಡು ನೆಲಕ್ಕೆ ಅಂಟಿಕೊಂಡರೆ ಹೊಸ ಹವಳವಾಗುತ್ತದೆ. ಇದರ ವಂಶವಾಹಿಗಳು ತಾಯಿ ಹವಳದವೇ. ಇದನ್ನು ತದ್ರೂಪಿ ಎನ್ನುತ್ತಾರೆ.

ಎರಡನೆಯದು ಬೀಜದ ದಾರಿ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ವರ್ಷಕ್ಕೊಮ್ಮೆ, ಹುಣ್ಣಿಮೆಯ ನಂತರದ ಕೆಲವು ರಾತ್ರಿಗಳಲ್ಲಿ, ಅನೇಕ ಜಾತಿಯ ಹವಳಗಳು ಒಟ್ಟಿಗೆ ಅಂಡಾಣು ಮತ್ತು ವೀರ್ಯಾಣುಗಳನ್ನು ನೀರಿಗೆ ಬಿಡುತ್ತವೆ. ವಿಜ್ಞಾನಿಗಳು ಇದನ್ನು ಗುರುತಿಸಿದ್ದು 1980ರ ದಶಕದ ಆರಂಭದಲ್ಲಿ. ಒಂದು ಹವಳದ ಅಂಡಾಣು ಅದೇ ಜಾತಿಯ ಇನ್ನೊಂದು ಹವಳದ ವೀರ್ಯಾಣುವಿನೊಂದಿಗೆ ಸೇರಿ ಮರಿ ಹುಟ್ಟುತ್ತದೆ. ತಂದೆಯ ಅರ್ಧ, ತಾಯಿಯ ಅರ್ಧ ವಂಶವಾಹಿಗಳು ಸೇರುವುದರಿಂದ ಪ್ರತಿ ಮರಿಯೂ ಬೇರೆ ಬೇರೆ.

ಬಹಳಷ್ಟು ಅಕ್ರೋಪೊರಾ ಹವಳಗಳಲ್ಲಿ ತನ್ನದೇ ಅಂಡಾಣು, ತನ್ನದೇ ವೀರ್ಯಾಣು ಸೇರಿ ಮರಿಯಾಗುವುದು ಅಪರೂಪ. ಹಾಗಾಗಿ ಒಂದು ದಿಬ್ಬದಲ್ಲಿ ಒಂದೇ ಹವಳದ ತದ್ರೂಪಿಗಳಷ್ಟೇ ಉಳಿದರೆ ಅಲ್ಲಿ ಹೊಸ ಮರಿ ಹುಟ್ಟುವುದೇ ಕಷ್ಟ.

ನೀರು ಬಿಸಿಯಾದಾಗ

ಸಮುದ್ರದ ನೀರು ಬೇಸಿಗೆಯ ಎಂದಿನ ಬಿಸಿಗಿಂತ ಒಂದೆರಡು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೆಯೇ ಉಳಿದರೆ ಹವಳವು ಪಾಚಿಯನ್ನು ಹೊರಹಾಕುತ್ತದೆ. ಆಗ ಅದು ಬೆಳ್ಳಗಾಗುತ್ತದೆ. ಬೇಗ ತಂಪಾದರೆ ಚೇತರಿಸಿಕೊಳ್ಳಬಹುದು, ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು.

ಆದರೆ ಎಲ್ಲ ಹವಳಗಳೂ ಒಂದೇ ರೀತಿ ಬಿಸಿಗೆ ಸೋಲುವುದಿಲ್ಲ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನೋಡಿ. ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ಭಾಗದ ನೀರು ಬೆಚ್ಚಗೆ, ದಕ್ಷಿಣಕ್ಕೆ ಹೋದಂತೆ ತಂಪು. ವಿಜ್ಞಾನಿಗಳು ಎರಡೂ ಕಡೆಯ, ಒಂದೇ ಜಾತಿಯ ಹವಳಗಳನ್ನು ಕೂಡಿಸಿ ಮರಿ ಮಾಡಿಸಿದರು. ಮರಿಗಳನ್ನು ಬಿಸಿನೀರಿನಲ್ಲಿಟ್ಟರು. ಬೆಚ್ಚಗಿನ ಕಡೆಯ ತಂದೆತಾಯಿಯ ಮರಿಗಳು ಬದುಕುಳಿಯುವ ಸಂಭವ ಹತ್ತು ಪಟ್ಟಿನವರೆಗೂ ಹೆಚ್ಚಿತ್ತು. ಆ ಮರಿಗಳಲ್ಲಿ ಇನ್ನೂ ಪಾಚಿ ಸೇರಿರಲಿಲ್ಲ. ಆದ್ದರಿಂದ ಬಿಸಿ ತಾಳುವ ಗುಣ ತಂದೆತಾಯಿಯಿಂದಲೇ ಬಂದದ್ದು ಎಂದು ತಿಳಿಯಿತು. ದಿಬ್ಬದಲ್ಲಿ ಬಗೆಬಗೆಯ ವಂಶವಾಹಿಗಳಿದ್ದರೆ ಬಿಸಿ ತಾಳುವ ಕೆಲವಾದರೂ ಉಳಿಯುತ್ತವೆ. ಎಲ್ಲವೂ ಒಂದೇ ಆಗಿದ್ದರೆ? ಒಂದು ಸತ್ತಂತೆ ಎಲ್ಲವೂ ಸಾಯಬಹುದು.

ನಮ್ಮ ತೋಟದಲ್ಲಿಯೂ ಇದೇ ಪಾಠ

ದಾಳಿಂಬೆಯನ್ನೂ ಬೀಜದಿಂದಲ್ಲ, ಗೂಟಿ ಕಟ್ಟಿ ಅಥವಾ ಕಡ್ಡಿ ನೆಟ್ಟು ಬೆಳೆಸುತ್ತಾರೆ. ಹಣ್ಣುಗಳೆಲ್ಲ ಒಂದೇ ರುಚಿ, ಒಂದೇ ಬಣ್ಣ. ಇದು ಲಾಭವೇ. ಆದರೆ 2000ದ ದಶಕದಲ್ಲಿ ಬಾಗಲಕೋಟೆ, ವಿಜಯಪುರ, ಕೊಪ್ಪಳ ಜಿಲ್ಲೆಗಳ ತೋಟಗಳಿಗೆ ದುಂಡಾಣು ಅಂಗಮಾರಿ ರೋಗ ಬಂದಾಗ ಅದನ್ನು ತಡೆಯಬಲ್ಲ ಗಿಡಗಳು ತೋಟಗಳಲ್ಲಿರಲಿಲ್ಲ. ರೋಗ ತಗುಲಿದ ಗಿಡದಿಂದ ಮಾಡಿದ ಸಸಿಗಳು ರೋಗವನ್ನೂ ಜೊತೆಗೆ ಒಯ್ದವು. ಅನೇಕ ರೈತರು ಗಿಡ ಕಿತ್ತುಹಾಕಬೇಕಾಯಿತು.

ಕಬ್ಬಿನ ಹೊಸ ತಳಿ ಬೇಕೆಂದರೂ ತುಂಡು ಸಾಲದು, ಹೂವು ಬೇಕು. 1912ರಲ್ಲಿ ಆರಂಭವಾದ ಕೊಯಮತ್ತೂರಿನ ಕಬ್ಬು ತಳಿ ಸಂಶೋಧನಾ ಸಂಸ್ಥೆಯಲ್ಲಿ ಬೇರೆ ಬೇರೆ ಕಬ್ಬುಗಳ ಹೂಗಳನ್ನು ಪರಾಗಸ್ಪರ್ಶ ಮಾಡಿಸಿ ಹೊಸ ತಳಿ ಪಡೆಯುತ್ತಾರೆ. ನಮ್ಮ ರೈತರಿಗೆ ಪರಿಚಿತವಾದ 'ಕೋ 86032' ತಳಿಯ 'ಕೋ' ಎಂದರೆ ಕೊಯಮತ್ತೂರು.

ಮಾಡಿ ನೋಡಿ

ಎರಡು ತಟ್ಟೆ ತೆಗೆದುಕೊಳ್ಳಿ. ಮೊದಲ ತಟ್ಟೆಯಲ್ಲಿ 10 ಕಡಲೆಕಾಳು ಇಡಿ. ಎರಡನೆಯದರಲ್ಲಿ ಕಡಲೆ, ಹೆಸರು, ತೊಗರಿ, ಜೋಳ, ಸಜ್ಜೆ ತಲಾ 2 ಕಾಳು ಇಡಿ. ಐದು ಚೀಟಿಗಳಲ್ಲಿ ಐದು ಕಾಳುಗಳ ಹೆಸರು ಬರೆದು ಮಡಚಿ. ಒಂದು ಚೀಟಿ ಎತ್ತಿ. ಬಂದ ಹೆಸರಿನ ಕಾಳುಗಳು "ಬಿಸಿಗೆ ಸತ್ತವು" ಎಂದುಕೊಂಡು ಎರಡೂ ತಟ್ಟೆಗಳಿಂದ ತೆಗೆಯಿರಿ. ಉಳಿದವನ್ನು ಎಣಿಸಿ ಬರೆಯಿರಿ. ಕಾಳುಗಳನ್ನೂ ಚೀಟಿಯನ್ನೂ ಮರಳಿ ಇಟ್ಟು ಹತ್ತು ಬಾರಿ ಆಡಿ.

ಎರಡನೆಯ ತಟ್ಟೆಯಲ್ಲಿ ಪ್ರತಿ ಬಾರಿಯೂ 8 ಉಳಿಯುತ್ತವೆ. ಮೊದಲನೆಯದರಲ್ಲಿ ಅನೇಕ ಬಾರಿ ಹತ್ತಕ್ಕೆ ಹತ್ತೂ ಉಳಿಯುತ್ತವೆ. ಆದರೆ 'ಕಡಲೆ' ಚೀಟಿ ಬಂದ ದಿನ?

ನಿಮಗಿದು ಗೊತ್ತೆ?

ನೂರು ಕೋಟಿ ವರ್ಷಗಳಿಗೂ ಹಿಂದೆ ಬಾಗಲಕೋಟೆಯ ಈ ಪ್ರದೇಶ ಸಮುದ್ರದಡಿ ಇತ್ತು. ಆಗ ಹವಳ ಹುಟ್ಟಿರಲಿಲ್ಲ. ನೀಲಿ-ಹಸಿರು ಪಾಚಿಯಂತಹ ಸೂಕ್ಷ್ಮಜೀವಿಗಳು ಪದರ ಪದರವಾಗಿ ದಿಬ್ಬ ಕಟ್ಟುತ್ತಿದ್ದವು. ಲೋಕಾಪುರದ ಸುತ್ತಲಿನ ಸುಣ್ಣದ ಜಾತಿಯ ಕಲ್ಲುಗಳಲ್ಲಿ ಆ ಪದರಗಳು ಇಂದಿಗೂ ಕಾಣುತ್ತವೆ. ಇವಕ್ಕೆ ಸ್ಟ್ರೊಮ್ಯಾಟೊಲೈಟ್ ಎಂದು ಹೆಸರು.

ಯೋಚಿಸಿ ಉತ್ತರಿಸಿ

1. ತುಂಡಿನಿಂದ ಬೆಳೆದ ಹವಳಕ್ಕೂ ಅಂಡಾಣುವಿನಿಂದ ಹುಟ್ಟಿದ ಹವಳಕ್ಕೂ ಇರುವ ವ್ಯತ್ಯಾಸವೇನು?
2. ಹಾಳಾದ ದಿಬ್ಬದಲ್ಲಿ ಮತ್ತೆ ಹವಳ ನೆಡಬೇಕು. ಒಂದೇ ಹವಳದ ನೂರು ತುಂಡು ನೆಡುವಿರಾ, ಐವತ್ತು ಹವಳಗಳ ಎರಡೆರಡು ತುಂಡು ನೆಡುವಿರಾ? ಏಕೆ?
3. ನಿಮ್ಮ ಊರಿನಲ್ಲಿ ಬೀಜ ಬಿತ್ತದೆ, ಕಡ್ಡಿ ಅಥವಾ ಗಡ್ಡೆಯಿಂದ ಬೆಳೆಸುವ ಬೆಳೆಗಳನ್ನು ಹಿರಿಯರಿಂದ ಕೇಳಿ ಪಟ್ಟಿ ಮಾಡಿ.